ಇವತ್ತಿನ ಪಾಲು ಇವತ್ತೇ

"ಸಾಲವೊಂದು ತೀರಲಿ, ಆಮೇಲೆ ನೆಮ್ಮದಿಯಾಗಿ ಪ್ರಾರ್ಥನೆಗೆ ಕೂರುತ್ತೇನೆ." "ಮಕ್ಕಳು ಒಂದು ದಡ ಸೇರಲಿ, ಆಮೇಲೆ ಸಭೆಯ ಕೆಲಸಕ್ಕೆ ಕೈ ಹಾಕುತ್ತೇನೆ." ವಿಶ್ವಾಸಿಗಳ ಬಾಯಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ಇದರಲ್ಲಿ ಏನಾದರೂ ತಪ್ಪಿರಬಹುದು ಅಂತ ಯಾರಿಗೂ ಅನ್ನಿಸುವುದಿಲ್ಲ. ಕೆಲವರು ಇನ್ನೂ ದೂರ ತಳ್ಳುತ್ತಾರೆ: ಇಲ್ಲಿರುವುದು ಬರೀ ಸಹಿಸಿಕೊಳ್ಳುವುದಕ್ಕೆ, ಸಂತೋಷವೆಲ್ಲ ಪರಲೋಕದಲ್ಲಿ. ಪರಲೋಕದ ನಿರೀಕ್ಷೆಯನ್ನು ಬಿಟ್ಟರೆ ನಮ್ಮ ನಂಬಿಕೆಯಲ್ಲಿ ಉಳಿಯುವುದು ಏನೂ ಇಲ್ಲ, ಒಪ್ಪಿದೆ. ಆದರೆ ಒಬ್ಬನೇ ಸತ್ಯದೇವರನ್ನೂ ಆತನು ಕಳುಹಿಸಿದ ಯೇಸು ಕ್ರಿಸ್ತನನ್ನೂ ತಿಳಿಯುವುದೇ ನಿತ್ಯಜೀವ ಅಂತ ಯೋಹಾನ 17:3ರಲ್ಲಿದೆ. ಆ ಪರಿಚಯ ಶುರುವಾಗಬೇಕಾದದ್ದು ಸತ್ತ ಮೇಲಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆಯೂ ಶುರುವಾಗಬಹುದು.

ದೇವರು ತನ್ನ ಜನರಿಗೆ ಇದನ್ನು ಹೇಗೆ ಕಲಿಸಿದನು ಅನ್ನುವುದನ್ನು ವಿಮೋಚನಕಾಂಡ 16ನೇ ಅಧ್ಯಾಯದಲ್ಲಿ ನಿಧಾನವಾಗಿ ಓದಬೇಕು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನದ ಲೆಕ್ಕ ತುಂಬ ಖಚಿತ. ತಲೆಗೆ ಒಂದು ಓಮೆರ್, ಅಂದರೆ ನಮ್ಮ ಅಳತೆಯಲ್ಲಿ ಸುಮಾರು ಎರಡು ಲೀಟರ್. ಬೆಳಗ್ಗೆಯೇ ಕೂಡಿಸಬೇಕು, ಬಿಸಿಲೇರಿದರೆ ಕರಗಿಹೋಗುತ್ತದೆ. ಮಾರನೆಯ ದಿನಕ್ಕೆ ಎತ್ತಿಟ್ಟರೆ ಹುಳ ಬಿದ್ದು ನಾರುತ್ತದೆ. ಆರನೆಯ ದಿನ ಮಾತ್ರ ಎರಡರಷ್ಟು ಸಿಗುತ್ತಿತ್ತು, ಆ ಒಂದು ರಾತ್ರಿ ಇಟ್ಟದ್ದು ಕೆಡುತ್ತಿರಲಿಲ್ಲ. ಇಷ್ಟು ಹೇಳಿದ ಮೇಲೂ ಕೆಲವರು ರಾತ್ರಿಗೆ ಬಚ್ಚಿಟ್ಟರು, ಕೆಲವರು ವಿಶ್ರಾಂತಿಯ ದಿನವಾದ ಏಳನೆಯ ದಿನವೂ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದರು. ಯೇಸು ಕಲಿಸಿದ ಪ್ರಾರ್ಥನೆಯೂ ಇದೇ ಅಳತೆಯಲ್ಲಿದೆ: "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು." ಹತ್ತು ವರ್ಷಕ್ಕಾಗುವಷ್ಟು ಧೈರ್ಯ ಇವತ್ತೇ ಬೇಕು ಅಂತ ಕೇಳಿಕೊಂಡು, ಅದು ಸಿಗದೆ ಕುಗ್ಗುವವರು ಬಹಳ. ಕೊಡುತ್ತೇನೆಂದು ಆತನು ಹೇಳಿದ್ದು ಇವತ್ತಿನ ಪಾಲನ್ನು.

ಹಾಗಂತ ಲೆಕ್ಕಾಚಾರವೇ ಬೇಡ ಅಂತಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಅಂತ ಲೂಕ 14ರಲ್ಲಿ ಯೇಸುವೇ ಹೇಳಿದ್ದಾನೆ. ಯೋಜನೆ ಯಾವುದು, ಚಿಂತೆ ಯಾವುದು ಅಂತ ಬೇರ್ಪಡಿಸಲು ಕಾಗದವೇ ಒಳ್ಳೆಯದು. ತಲೆಯಲ್ಲಿ ಸುತ್ತುತ್ತಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಒಂದೊಂದರ ಮುಂದೆಯೂ ಕೇಳಿ: ಇದರ ಬಗ್ಗೆ ಇವತ್ತು ಕತ್ತಲಾಗುವುದರೊಳಗೆ ನಾನು ಮಾಡಬಹುದಾದದ್ದು ಏನಾದರೂ ಇದೆಯೇ? ಇದ್ದರೆ ಅದನ್ನು ಕೆಲಸವೆಂದು ಬರೆದು ಮಾಡಿ ಮುಗಿಸಿ: ಒಂದು ಫೋನು, ಒಂದು ಅರ್ಜಿ, ಒಂದು ಕ್ಷಮೆ. ಇಲ್ಲದಿದ್ದರೆ ಹೆಸರಿಟ್ಟು ದೇವರಿಗೆ ಒಪ್ಪಿಸಿ. ಇಲ್ಲಿ ಎಡವುವುದು ಒಂದೇ ಕಡೆ. ಒಪ್ಪಿಸಿದ್ದು ಅರ್ಧ ಗಂಟೆಯಲ್ಲಿ ತಿರುಗಿ ಬಂದಾಗ "ನನ್ನ ನಂಬಿಕೆ ಅಷ್ಟಕ್ಕಷ್ಟೇ" ಅಂದುಕೊಂಡು ಜನ ಕೈಬಿಡುತ್ತಾರೆ. ಬಂದರೆ ಮತ್ತೆ ಒಪ್ಪಿಸಿ, ಅದೇ ಮಾತಿನಲ್ಲಿ. ದಿನಕ್ಕೆ ಇಪ್ಪತ್ತು ಸಲವಾದರೂ ಪರವಾಗಿಲ್ಲ. "ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು" ಅಂದ ಯೇಸುವಿಗೆ ಕಾಟ ದಿನವೂ ಬರುತ್ತದೆ ಅನ್ನುವುದು ಗೊತ್ತಿತ್ತು.

ಸಂತೋಷದ ಬಗ್ಗೆ ಕಲಿಯಬೇಕೆಂದರೆ ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ಒಂದೇ ಉಸಿರಿಗೆ, ಗಟ್ಟಿಯಾಗಿ ಓದಿ. ಇರುವುದು ನಾಲ್ಕೇ ಅಧ್ಯಾಯ, ಕಾಲು ಗಂಟೆಯ ಓದು. ಬರೆಯುವಾಗ ಅಪೊಸ್ತಲ ಪೌಲ ಸೆರೆಯಲ್ಲಿದ್ದ. ಸಂತೋಷದ ಪತ್ರವೆಂದು ಹೆಸರಾದರೂ ಅದರೊಳಗೆ ಎಷ್ಟು ನೋವಿದೆ ನೋಡಿ. ಜೊತೆಗಾರ ಎಪಫ್ರೊದೀತ ಸಾಯುವಷ್ಟು ಕಾಯಿಲೆ ಬಿದ್ದಿದ್ದ, ಅವನು ಹೋಗಿಬಿಟ್ಟಿದ್ದರೆ ನನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಅಂತ ಪೌಲ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. "ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ" ಅನ್ನುವ ಮಾತು ಬರುವುದು 4:4ರಲ್ಲಿ. ಅದಕ್ಕೆ ಎರಡೇ ವಚನ ಹಿಂದೆ ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಸಹೋದರಿಯರಿಗೆ ಕರ್ತನಲ್ಲಿ ಒಂದೇ ಮನಸ್ಸುಳ್ಳವರಾಗಿರಿ ಅಂತ ಹೆಸರು ಹಿಡಿದು ಕೇಳಿಕೊಂಡಿದ್ದಾನೆ. ಈ ಎರಡು ಅಕ್ಕಪಕ್ಕ ಇರುವುದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಸಭೆಯಲ್ಲಿ ಒಬ್ಬರ ಮುಖ ನೋಡಿದರೆ ಇನ್ನೊಬ್ಬರಿಗಾಗದು ಅನ್ನುವ ಸ್ಥಿತಿ ಇಟ್ಟುಕೊಂಡು, ಎಷ್ಟು ಜೋರಾಗಿ ಹಾಡಿದರೂ ಸಂತೋಷ ಒಳಗೆ ಇಳಿಯುವುದಿಲ್ಲ. ಹಾಡಿನ ಆಯ್ಕೆ ಬದಲಾಯಿಸುವ ಮುಂಚೆ ಆ ಮನೆಯ ಬಾಗಿಲು ತಟ್ಟಬೇಕು.

ಇನ್ನು ದಿನದ ಕ್ರಮ. ಬೆಳಗ್ಗೆ ಹದಿನೈದು ನಿಮಿಷ ಸಾಕು, ಆದರೆ ಅದು ಮೊಬೈಲ್ ಕೈಗೆ ತೆಗೆದುಕೊಳ್ಳುವ ಮುಂಚಿನ ಹದಿನೈದು ನಿಮಿಷವಾಗಿರಬೇಕು. ಬೈಬಲ್ ಓದುವುದೂ ಮೊಬೈಲಿನಲ್ಲೇ ಆದರೆ ಬೇಗ ಮುದ್ರಿತ ಪುಸ್ತಕಕ್ಕೆ ಬದಲಾಯಿಸಿಕೊಳ್ಳಿ. ಬಂದಿರುವ ಮೆಸೇಜುಗಳನ್ನು ದಾಟಿ ಕೀರ್ತನೆಗೆ ಹೋಗುವುದು ಯಾರಿಗೂ ಸುಲಭವಲ್ಲ. ದಿನಕ್ಕೆ ಒಂದು ಕೀರ್ತನೆ, ಎರಡು ಸಲ, ತುಟಿ ಅಲ್ಲಾಡಿಸಿ ಓದಿ. ಮೊದಲ ಸಲ ಅರ್ಥಕ್ಕೆ, ಎರಡನೆಯ ಸಲ ಪ್ರಾರ್ಥನೆಯಾಗಿ. 150 ಕೀರ್ತನೆಗಳು ಆರು ತಿಂಗಳೊಳಗೆ ಮುಗಿಯುತ್ತವೆ. 119ನೆಯದು 176 ವಚನಗಳಷ್ಟು ಉದ್ದ, ಅದೊಂದನ್ನು ಎಂಟೆಂಟು ವಚನಗಳ 22 ಭಾಗ ಮಾಡಿಕೊಳ್ಳಿ, ಮೂಲದಲ್ಲೇ ಹಾಗೆ ಭಾಗವಾಗಿದೆ. ಸಾಲಾಗಿ ಓದುವುದು ಮುಖ್ಯ. 23, 91, 121 ಅಂತ ಇಷ್ಟವಾದವನ್ನೇ ಸುತ್ತುತ್ತಿದ್ದರೆ, ಕತ್ತಲಲ್ಲೇ ಮುಗಿಯುವ 88ನೇ ಕೀರ್ತನೆ ನಮಗೆ ಸಿಗುವುದೇ ಇಲ್ಲ. ಕಷ್ಟ ಬಂದ ದಿನ ದೇವರ ಮುಂದೆ ಆಡಲು ಮಾತೇ ಇರುವುದಿಲ್ಲ.

ದೂರಿಕೊಳ್ಳುವುದು ಸಂತೋಷಕ್ಕೆ ವಿರುದ್ಧವಲ್ಲ. 13ನೇ ಕೀರ್ತನೆಯಲ್ಲಿ ಇರುವುದು ಆರೇ ವಚನ. ಮೊದಲ ಎರಡರಲ್ಲಿ ಎಷ್ಟು ಕಾಲ ಅನ್ನುವ ದೂರು, ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ, ಹಾಡು. ಅದೇ ಅಚ್ಚಿನಲ್ಲಿ ನಿಮ್ಮದೇ ಆರು ಸಾಲು ಬರೆದು ನೋಡಿ. ದೂರನ್ನು ನುಂಗಿಕೊಂಡು ನೇರವಾಗಿ ಐದನೆಯ ಸಾಲಿಗೆ ಹಾರಿದರೆ ಮುಖದ ಮೇಲಿನ ನಗು ಮಾತ್ರ ಉಳಿಯುತ್ತದೆ, ಅದು ಮನೆಯವರಿಗೆ ತಕ್ಷಣ ಗೊತ್ತಾಗುತ್ತದೆ.

ಸ್ತೋತ್ರ ಹೇಳುವಾಗಲೂ ಖಚಿತವಾಗಿರಿ. "ಎಲ್ಲದಕ್ಕೂ ಸ್ತೋತ್ರ ಕರ್ತನೇ" ಅಂದರೆ ಬಾಯಿ ಹೇಳಿತು, ಮನಸ್ಸಿಗೆ ಮುಟ್ಟಲಿಲ್ಲ. ನಿನ್ನೆಯ ದಿನದಿಂದ ಮೂರು ಸಂಗತಿ ಆರಿಸಿ, ಯಾರು, ಯಾವಾಗ, ಏನು ಅಂತ ಹೆಸರಿಸಿ. ಕೆಟ್ಟದ್ದಕ್ಕೆ ಸ್ತೋತ್ರ ಹೇಳಬೇಕು ಅಂತ ಯಾರೂ ಒತ್ತಾಯಿಸದಿರಲಿ. ಅನ್ಯಾಯ ಅನ್ಯಾಯವೇ. ಅದರ ನಡುವೆಯೂ ದೇವರು ಕೈಬಿಡಲಿಲ್ಲ ಅನ್ನುವುದಕ್ಕೆ ಸ್ತೋತ್ರ.

ಹಗಲಿನ ಕೆಲಸದ ನಡುವೆ ದೇವರ ಸಾನ್ನಿಧ್ಯವನ್ನು ನೆನಪಿಟ್ಟುಕೊಳ್ಳುವುದಕ್ಕೆ ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಸಹೋದರ ಲಾರೆನ್ಸ್ ದಾರಿ ತೋರಿಸಿದ್ದಾರೆ. ಪಾತ್ರೆಗಳ ಗದ್ದಲದಲ್ಲೂ ಮೊಣಕಾಲೂರಿದಾಗಿನಷ್ಟೇ ಶಾಂತಿ ಅವರಿಗೆ ಸಿಗುತ್ತಿತ್ತು. ಇದಕ್ಕೆ ಹೊಸದಾಗಿ ಸಮಯ ಹುಡುಕಬೇಕಿಲ್ಲ. ದಿನವೂ ಹೇಗೂ ಮಾಡುವ ಮೂರು ಕೆಲಸ ಆರಿಸಿ: ಬಾಗಿಲು ತೆಗೆಯುವುದು, ಕೈ ತೊಳೆಯುವುದು, ಫೋನು ಎತ್ತುವುದು. ಪ್ರತಿ ಸಲವೂ ಒಂದು ಸಾಲು, "ಕರ್ತನೇ, ಕರುಣಿಸು" ಅನ್ನುವಷ್ಟು. ಫೋನಿನ ಮುಂದಿನ ಆ ಒಂದು ಸಾಲು ನಮ್ಮ ಧ್ವನಿಯನ್ನೇ ತಗ್ಗಿಸುತ್ತದೆ.

ರಾತ್ರಿಗೆ ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೊಲ ಹದಿನಾರನೆಯ ಶತಮಾನದಲ್ಲಿ ಕಲಿಸಿದ ಐದು ಹೆಜ್ಜೆಗಳ ಆತ್ಮಶೋಧನೆಯನ್ನು ಯಾವ ಸಭೆಯವರಾದರೂ ಮಾಡಬಹುದು: ಉಪಕಾರಸ್ಮರಣೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆಗಂಟೆಯಾಗಿ ನೋಡುವುದು, ತಪ್ಪಿಗೆ ಕ್ಷಮೆ, ತಿದ್ದಿಕೊಳ್ಳುವ ನಿರ್ಧಾರ. ಹತ್ತು ನಿಮಿಷದ ಕೆಲಸ. ಕ್ರಮ ಮಾತ್ರ ಬದಲಾಯಿಸಬೇಡಿ. ತಪ್ಪಿನಿಂದ ಶುರುಮಾಡಿದರೆ ಅದು ನ್ಯಾಯಾಲಯವಾಗಿ, ವಾರದೊಳಗೆ ಬಿಟ್ಟುಹೋಗುತ್ತದೆ. ಹಾಸಿಗೆಯಲ್ಲಿ ಮಲಗಿಕೊಂಡು ಮಾಡಿದರೆ ಮೂರನೆಯ ಹೆಜ್ಜೆಗೇ ನಿದ್ದೆ. ಕುರ್ಚಿಯಲ್ಲಿ ಕೂತು ಮಾಡಿ.

ವಾರಕ್ಕೊಂದು ದಿನ ಕೆಲಸ ನಿಲ್ಲಿಸಿ, ಆರಾಧನೆಗೆ ಹೋಗಿ, ಯಾರಾದರೂ ಒಬ್ಬರ ಜೊತೆ ಕೂತು ಊಟ ಮಾಡಿ. ಕೊಡುವುದನ್ನು ತಿಂಗಳ ಕೊನೆಗೆ ಉಳಿದದ್ದರಿಂದ ಕೊಡಬೇಡಿ, ಮೊದಲೇ ತೆಗೆದಿಡಿ.

ಇಷ್ಟೆಲ್ಲ ಮಾಡಿಯೂ ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ ಅದನ್ನು ಅವಿಶ್ವಾಸವೆಂದು ಕರೆಯಬೇಡಿ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾವನ್ನೇ ಕೇಳಿಕೊಂಡು ಮಲಗಿದಾಗ ದೂತನು ಅವನಿಗೆ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣಿಸಿದ. ದೇವರ ಬೆಟ್ಟವಾದ ಹೋರೇಬಿನ ದಾರಿ ಆಮೇಲೆ. ವೈದ್ಯರ ಬಳಿ ಹೋಗಿ, ಕೊಟ್ಟ ಔಷಧಿಯನ್ನು ತಪ್ಪದೆ ತೆಗೆದುಕೊಳ್ಳಿ, ಸಭೆಯಲ್ಲಿ ನಂಬಿಕಸ್ಥರಾದ ಒಬ್ಬರಿಗಾದರೂ ಹೇಳಿಡಿ. ಓದಲಾಗದ ದಿನ ಕೀರ್ತನೆಯನ್ನು ಅವರು ಓದಲಿ, ನೀವು ಕೇಳಿಸಿಕೊಳ್ಳಿ. ನಡುವೆ ಎಷ್ಟು ದಿನ ತಪ್ಪಿಹೋದರೂ ಬಾಕಿ ತೀರಿಸಲು ಹೋಗದೆ, ನಿಲ್ಲಿಸಿದ ಕೀರ್ತನೆಯ ಮುಂದಿನದರಿಂದ ಓದಿ.