ಸಿಟಿ ಸ್ಟೇಷನ್ನೂ ನಾವು ತುಮಕೂರಿನವರೂ

ತುಮಕೂರಿನಿಂದ ಪಾಸ್ ಮಾಡಿಸಿಕೊಂಡು ಓಡಾಡುವವರಿಗೆ ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ಸ್ಟೇಷನ್ ಇವತ್ತಿಗೂ ಬರೀ 'ಸಿಟಿ'. ದಿನಾ ಹೋಗ್ತೀವಿ, ಬರ್ತೀವಿ, ಅದರ ಕಥೆ ಕೇಳೋಕೆ ಯಾರಿಗೆ ಪುರುಸೊತ್ತು?

ಬೆಂಗಳೂರಿಗೆ ಮೊದಲು ರೈಲು ಬಂದಿದ್ದು 1864ರಲ್ಲಿ, ಜೋಲಾರಪೇಟೆ ಕಡೆಯಿಂದ, ಅದೂ ದಂಡಿಗೆ, ಅಂದರೆ ಕಂಟೋನ್ಮೆಂಟ್ ಸ್ಟೇಷನ್ನಿಗೆ. ನಮ್ಮೂರಿಗೆ ಮೀಟರ್ ಗೇಜ್ ಹಳಿ ಬಂದಿದ್ದು 1884ರಲ್ಲಿ. ಸ್ಟೇಷನ್ ಎದುರು ಈಗ ಬಸ್ ನಿಲ್ದಾಣ ಇರುವ ಜಾಗದಲ್ಲಿ ಆಗ ಧರ್ಮಾಂಬುಧಿ ಕೆರೆ ಇತ್ತು. ಮೆಜೆಸ್ಟಿಕ್‌ನ ಆ ಗದ್ದಲದಲ್ಲಿ ನಿಂತು ಕೆರೆ ಊಹಿಸಿಕೊಳ್ಳೋದು ಕಷ್ಟ ಬಿಡಿ.

ಈಗ 10 ಪ್ಲಾಟ್‌ಫಾರ್ಮ್, ಪಕ್ಕದಲ್ಲೇ ಮೆಟ್ರೊ. ಎಲ್ಲಾ ಸರಿ, ಸಂಜೆಯ ಸೀಟಿನ ಯುದ್ಧ ಮಾತ್ರ ಹಾಗೇ ಇದೆ. ಗಾಡಿ ಇನ್ನೂ ನಿಂತಿರೋದಿಲ್ಲ, ಕಿಟಕಿಯೊಳಗಿಂದ ಕರ್ಚೀಫು, ಟಿಫಿನ್ ಬ್ಯಾಗು, ಒಂದು ಸಲ ಹೆಲ್ಮೆಟ್ಟೂ ಸೀಟಿನ ಮೇಲೆ ಬಿದ್ದಿದ್ದು ನೋಡಿದ್ದೇನೆ. "ಅಣ್ಣಾ, ಇಲ್ಲಿ ಜನ ಇದಾರೆ" ಅಂತ ಶುರುವಾದ ಜಗಳ ಯಶವಂತಪುರದವರೆಗೂ ನಡೆಯುತ್ತೆ. ನಿಡವಂದ ದಾಟುವಷ್ಟರಲ್ಲಿ ಅದೇ ಇಬ್ಬರು ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತಾ ಆಫೀಸಿನವರನ್ನ ಬೈಯುತ್ತಿರುತ್ತಾರೆ.

ಬಸ್ಸಲ್ಲಿ ಹೀಗೆ ಆಗಲ್ಲ ಅಲ್ವಾ? ನನಗಂತೂ ರೈಲೇ ಇಷ್ಟ, ನಿಂತುಕೊಂಡು ಬಂದರೂ ಸರಿ.