ಹಲಗೆ ದಾರಿಯ ಆಚೆ ಇಟ್ಟ ಒಂದು ಹೆಜ್ಜೆ

ನಾನು ಟೂರ್ ಮ್ಯಾನೇಜರ್. ಅಮೆರಿಕ ಪ್ರವಾಸಕ್ಕೆ ಬರುವ ಗುಂಪುಗಳನ್ನು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೂ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾದೀತು.

ಬಿಸಿನೀರಿನ ಬುಗ್ಗೆಗಳ ನಡುವೆ ಓಡಾಡಲು ಮರದ ಹಲಗೆಯ ದಾರಿ ಮಾಡಿದ್ದಾರೆ. ಅದನ್ನು ಬಿಟ್ಟು ಇಳಿಯಬೇಡಿ ಅಂತ ಬಸ್ಸಿನಲ್ಲೇ ಮೂರು ಸಲ ಹೇಳಿದ್ದೆ. ಆಮೇಲೆ ಗ್ರೂಪ್ ಫೋಟೋ ತೆಗೆಯಲು ಹೋದರೆ ಎಲ್ಲರೂ ಫ್ರೇಮಿನೊಳಗೆ ಹಿಡಿಸಲಿಲ್ಲ. ನಾನೇ ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ, ಹಲಗೆಯಿಂದ ಕೆಳಗೆ, ನೆಲದ ಮೇಲೆ. ಫೋಟೋ ಚೆನ್ನಾಗಿ ಬಂತು. ತಿರುಗಿ ನೋಡಿದರೆ 12 ವರ್ಷದ ಹುಡುಗನೊಬ್ಬ ಹಲಗೆ ಇಳಿದು ನೀಲಿ ನೀರಿನ ಕಡೆ ಹೊರಟಿದ್ದ. ನಾನು ಕೂಗಿಕೊಂಡೆ. ಅವರಪ್ಪ ಓಡಿಹೋಗಿ ತೋಳು ಹಿಡಿದು ಎಳೆದುಕೊಂಡರು.

"ನೀವೂ ಇಳಿದ್ರಲ್ಲ ಅಂಕಲ್" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಅಲ್ಲಿನ ನೆಲ ನೋಡುವುದಕ್ಕೆ ಗಟ್ಟಿ. ನೀರಿನಲ್ಲಿ ಕರಗಿ ಬಂದ ಸಿಲಿಕಾ ಎಂಬ ಖನಿಜ ಮೇಲೆ ಪದರ ಕಟ್ಟಿರುತ್ತದೆ, ಅಷ್ಟೇ. ಕೆಲವು ಕಡೆ ಅದು ತೀರಾ ತೆಳು, ಕೆಳಗೆ ಸುಡುವ ನೀರು. 2016ರ ಜೂನ್‌ನಲ್ಲಿ ನಾರಿಸ್ ಎಂಬ ಜಾಗದಲ್ಲಿ ಯುವಕನೊಬ್ಬ ಹಲಗೆ ದಾರಿ ಬಿಟ್ಟು ಹೋಗಿ, ಜಾರಿ ಬುಗ್ಗೆಗೆ ಬಿದ್ದ. ಬಿಸಿಯ ಜೊತೆ ಆಮ್ಲವೂ ಇದ್ದ ನೀರು. ದೇಹವನ್ನು ಹೊರತೆಗೆಯಲು ರಕ್ಷಣಾ ತಂಡಕ್ಕೂ ಆಗಲಿಲ್ಲ. ಇದನ್ನೆಲ್ಲ ಈಗ ನಾನು ಬಸ್ಸಿನಲ್ಲಿ ಹೇಳುವುದಿಲ್ಲ. ಬುಗ್ಗೆಯ ಹತ್ತಿರ ನಿಂತು ಹೇಳುತ್ತೇನೆ. ಮುಖಕ್ಕೆ ಹಬೆ ಹೊಡೆಯುತ್ತಿರುವಾಗ ಎಲ್ಲರೂ ಕಿವಿಗೊಡುತ್ತಾರೆ.

ಬೈಸನ್ ಎಂಬ ಅಲ್ಲಿನ ದೊಡ್ಡ ಕಾಡುದನದ ವಿಷಯದಲ್ಲಿ ತಿಳಿಹೇಳುವುದು ಇನ್ನೂ ಕಷ್ಟ. ಬುಗ್ಗೆಯಾದರೂ ಹೊಗೆಯಾಡುತ್ತದೆ, ಇದು ಸುಮ್ನೆ ಮೇಯುತ್ತಾ ನಿಂತಿರುತ್ತದೆ. ಪಾಪ, ಸಾಧು ಪ್ರಾಣಿ ಅನ್ನಿಸುತ್ತದೆ ಅಲ್ವಾ? ಆದರೆ ಆ ಉದ್ಯಾನದಲ್ಲಿ ಅತಿ ಹೆಚ್ಚು ಜನರನ್ನು ಗಾಯಗೊಳಿಸಿರುವುದು ಇದೇ. ಕರಡಿಗಿಂತ ಜಾಸ್ತಿ. ದೊಡ್ಡ ಗಂಡು 900 ಕಿಲೋ ತೂಗುತ್ತದೆ, ಗಂಟೆಗೆ 55 ಕಿ.ಮೀ. ವೇಗದಲ್ಲಿ ಓಡುತ್ತದೆ. ಉಸೇನ್ ಬೋಲ್ಟ್ ಕೂಡ 45 ಕಿ.ಮೀ. ದಾಟಿದವನಲ್ಲ. ಅದು ಬಾಲ ಮೇಲೆತ್ತಿತು ಅಂದರೆ ಹಿಂದೆ ಸರಿಯಲೇಬೇಕು.

ಬೈಸನ್‌ನಿಂದ ಕನಿಷ್ಠ 23 ಮೀಟರ್, ಕರಡಿ, ತೋಳಗಳಿಂದ 91 ಮೀಟರ್ ದೂರ ಇರಬೇಕು ಎಂಬುದು ಅಲ್ಲಿನ ನಿಯಮ. ಮೀಟರ್ ಲೆಕ್ಕ ಯಾರ ಕಣ್ಣಿಗೂ ಹತ್ತುವುದಿಲ್ಲ. ಅದಕ್ಕೇ ನಮ್ಮ ಬಸ್ಸನ್ನೇ ತೋರಿಸುತ್ತೇನೆ. ಬೈಸನ್‌ಗೆ ಎರಡು ಬಸ್ಸಿನಷ್ಟು, ಕರಡಿಗೆ ಎಂಟು ಬಸ್ಸಿನಷ್ಟು.

ಮರುಕದಿಂದ ಹತ್ತಿರ ಹೋಗುವವರೂ ಇದ್ದಾರೆ. 2016ರಲ್ಲೇ ಪ್ರವಾಸಿಗರು ಬೈಸನ್ ಕರುವೊಂದಕ್ಕೆ ಚಳಿಯಾಗುತ್ತಿದೆ ಅಂದುಕೊಂಡು ಕಾರಿನಲ್ಲಿ ಹಾಕಿಕೊಂಡು ಬಂದರು. ರೇಂಜರ್‌ಗಳು ಅದನ್ನು ಹಿಂಡಿಗೆ ಸೇರಿಸಲು ಮತ್ತೆ ಮತ್ತೆ ನೋಡಿದರು. ಹಿಂಡು ಸೇರಿಸಿಕೊಳ್ಳಲಿಲ್ಲ. ಕೊನೆಗೆ ಆ ಕರುವನ್ನು ಕೊಲ್ಲಬೇಕಾಯಿತು. ಇದನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಆ ಹುಡುಗ ಇಳಿದದ್ದು ನನ್ನ ಕಾಲು ನೋಡಿ. ಹಾಗಾಗಿ ಈಗ ಹಲಗೆಯ ಅಂಚಿಗೂ ನಾನು ಹೋಗುವುದಿಲ್ಲ. ಗ್ರೂಪ್ ಫೋಟೋದಲ್ಲಿ ಎಲ್ಲರೂ ಹಿಡಿಸದಿದ್ದರೆ ಎರಡು ಫೋಟೋ ತೆಗೆಯುತ್ತೇನೆ.