ಸಣ್ಣ ಬೋರಿನ ರಿವಾಲ್ವರ್, ಬೀದರಿನ ಹಿಡಿಕೆ

ನಮ್ಮ ಕಡಿ ಲೈಸೆನ್ಸ್ ಇದ್ದವರ ಮನ್ಯಾಗ ರಿವಾಲ್ವರ್ ಅದ ಅಂದ್ರ ಅದು .32 ಬೋರಿಂದೇ (ಬೋರು ಅಂದ್ರ ನಳಿಗಿ ತೂತಿನ ಅಗಲ, ಇಂಚಿನ ಲೆಕ್ಕದಾಗ) ಇರ್ತದ, ಯಾಕ ಬ್ಯಾರೆ ಇಲ್ಲ ಅಂತ ಯಾರೂ ಕೇಳಂಗಿಲ್ಲ. ಅದಕ್ಕ ಕಾರಣ ಬ್ರಿಟಿಷರ ಕಾಲದ್ದು. ಫೌಜಿನ ಕಾಡತೂಸು ಜನರ ಕೈಗೆ ಹೋಗಬಾರದು ಅಂತ .38, .455, .303 ಇವನ್ನೆಲ್ಲ ಪ್ರೊಹಿಬಿಟೆಡ್ ಬೋರ್ ಅಂತ ಮಾಡಿಟ್ರು, ಸ್ವಾತಂತ್ರ್ಯ ಬಂದ ಮ್ಯಾಲೂ 1959ರ ಆರ್ಮ್ಸ್ ಆಕ್ಟ್ ಕೆಳಗ ಆ ಪದ್ಧತಿ ಹಂಗೇ ಮುಂದುವರೀತು, ಹಿಂಗಾಗಿ ಸಾಮಾನ್ಯ ಮನಿಷ್ಯಾಗ ಉಳಿದದ್ದು ಸಣ್ಣ ಬೋರು, .32 ಇಲ್ಲಾ .22. ಅಂಗಡಿಯವರ ಭಾಷಾದಾಗ ಹೇಳ್ಬೇಕಂದ್ರ ನಾನ್ ಪ್ರೊಹಿಬಿಟೆಡ್ ಬೋರ್, ಅಂದ್ರ ನಿಷೇಧ ಇಲ್ಲದ್ದು, ಚುಟುಕಾಗಿ ಎನ್‌ಪಿಬಿ. ನಾನು ಈ ಸಣ್ಣ ಬೋರಿನ ಹುಚ್ಚು ಹಚ್ಕೊಂಡವ, ಅದರಾಗೂ ಎಲ್ಲರ ಹತ್ರ ಸಿಗಲಾರದ ಹಳೇ ಮಾಲಿಂದು.

ಮೊದಲೇ ಒಂದು ಮಾತು ಸ್ಪಷ್ಟ ಹೇಳ್ಬಿಡ್ತೀನಿ, ನಮ್ಮ ದೇಶದಾಗ ಬಂದೂಕು ಕೂಡಿಡೋದು ಅಂದ್ರ ಅಮೆರಿಕಾದವರಂಗ ಗೋಡೆ ತುಂಬ ತೂಗ ಹಾಕೋದಲ್ಲ. 2019ರ ತಿದ್ದುಪಡಿ ಆದ ಮ್ಯಾಲ ಒಬ್ಬರ ಲೈಸೆನ್ಸಿನಾಗ ಎರಡೇ ಇರಬೇಕು, ಮೊದಲು ಮೂರಿತ್ತು. ನನ್ನ ಲೈಸೆನ್ಸಿನಾಗ ಇರೋದು ಅಜ್ಜನಿಂದ ಅಪ್ಪಾಜಿಗೆ, ಅಪ್ಪಾಜಿಯಿಂದ ನನಗ ಬಂದ ವೆಬ್ಲಿ ಅಂಡ್ ಸ್ಕಾಟ್ ಮಾರ್ಕ್ ಫೋರ್ .32, ಇನ್ನೊಂದು ಕಾನ್ಪುರದ ಆರ್ಡನನ್ಸ್ ಫ್ಯಾಕ್ಟರಿ .32. ಇವೆರಡು ಬಿಟ್ರ ಒಂದು ಹಳೇ ನಮೂನಿ ರಿವಾಲ್ವರ್, ಪಿನ್‌ಫೈರ್ ಅದ, ಅದು ಕ್ಯೂರಿಯೊ, ಅಂದ್ರ ಅಪರೂಪದ ಹಳೇ ವಸ್ತು. 2020ರಾಗ ಕೇಂದ್ರ ಗೃಹ ಇಲಾಖೆ ನಿಯಮ ಬದಲು ಮಾಡಿ ಕ್ಯೂರಿಯೊ ಅನ್ನೋ ಲೆಕ್ಕದಾಗ ಬರೋ ಹಳೇ ಸಣ್ಣ ಆಯುಧ ಮನ್ಯಾಗ ಇಟ್ಕೊಳ್ಳಾಕ ಲೈಸೆನ್ಸ್ ಬ್ಯಾಡ ಅಂತು, ಆದ್ರ ಅದನ್ನ ಹೊರಗ ಒಯ್ಯಾಕ, ಸಾಗಿಸಾಕ, ಬಳಸಾಕ ಲೈಸೆನ್ಸ್ ಬೇಕೇ ಬೇಕು, ಕಾಡತೂಸಂತೂ ಲೈಸೆನ್ಸಿನಾಗ ಎಂಟ್ರಿ ಇಲ್ದ ಯಾರೂ ಕೊಡಂಗಿಲ್ಲ. ಭಾಳ ಮಂದಿ ಮೊದಲಿನ ಅರ್ಧ ಓದಿ ಖುಷಿ ಆಗ್ತಾರ, ಉಳಿದರ್ಧ ಓದಂಗಿಲ್ಲ.

ವೆಬ್ಲಿ ಬಗ್ಗೆ ಹೇಳ್ಬೇಕು. ಅದನ್ನ ಕೈಯಾಗ ಹಿಡ್ಕೊಂಡು ಹೆಬ್ಬೆರಳಿಂದ ಹ್ಯಾಮರ್ ಬಾಜೂಕ ಇರೋ ಲ್ಯಾಚ್ ಒತ್ತಿದ್ರ ಬ್ಯಾರಲ್ ಮುಂದಕ್ಕ ಬಾಗ್ತದ, ನಡುವ ಮುರದಂಗ ತೆರೀತದ, ಪೂರ್ತಿ ತೆರೀತಿದ್ದಂಗ ಸಿಲಿಂಡರ್ (ಆರು ಕಾಡತೂಸು ಕೂಡೋ, ತಿರುಗೋ ಭಾಗ) ಹಿಂದಿನ ನಕ್ಷತ್ರದಂಥ ಎಕ್ಸ್‌ಟ್ರಾಕ್ಟರ್ ಮ್ಯಾಲೆದ್ದು ಆರೂ ಖಾಲಿ ಕೇಸುಗಳನ್ನ ಒಮ್ಮೆಲೆ ಎತ್ತಿ ಹೊರಗ ಹಾಕಿ ಟಕ್ ಅಂತ ತನ್ನ ಜಾಗಕ್ಕ ಮರಳಿ ಕೂಡ್ತದ. ಈ ಟಕ್ ಅನ್ನೋ ಹೊತ್ತು ಸರಿಯಾಗಿ ಬರ್ಬೇಕು, ಬ್ಯಾಗನೂ ಬರಬಾರದು ತಡಾನೂ ಆಗಬಾರದು, ಹಳೇ ವೆಬ್ಲಿ ನೋಡಾಕ ಹೋದಾಗ ನಾ ಮೊದಲು ಇದನ್ನೇ ನೋಡ್ತೀನಿ. ಆಮ್ಯಾಲ ಖಾಲಿ ಅದ ಅಂತ ಎರಡು ಸಲ ಖಾತ್ರಿ ಮಾಡ್ಕೊಂಡು ಹ್ಯಾಮರನ್ನ ನಿಧಾನಕ್ಕ ಹಿಂದ ಎಳದು, ಹ್ಯಾಮರ್ ನಿಲ್ಲೋದರೊಳಗ ಸಿಲಿಂಡರ್ ತನ್ನ ಜಾಗಕ್ಕ ಬಂದು ಲಾಕ್ ಆಗ್ತದೋ ಇಲ್ಲೋ ಅಂತ ಕಾಡತೂಸು ಕೂಡೋ ಒಂದೊಂದು ಕೋಣಿಗೂ ನೋಡ್ತೀನಿ. ಆರರಾಗ ಐದು ಸರಿ ಇದ್ದು ಒಂದು ಸೋಮಾರಿ ಇದ್ರೂ ಅದು ಹಾರಿಸೋ ಮಾಲಲ್ಲ, ಇಟ್ಕೊಂಡು ನೋಡೋ ಮಾಲು. ಗಡಿಯಾರದಂಗೇ ಇದು, ಒಂದು ಹಲ್ಲು ಸವೆದ್ರ ಇಡೀ ಲೆಕ್ಕ ತಪ್ತದ.

ಕಾನ್ಪುರದ್ದು ನೋಡಾಕ ಇದರ ತಮ್ಮನಂಗೇ ಕಾಣ್ತದ, ಕಾಣ್ಬೇಕಾದ್ದೇ, ಅದರ ನಕ್ಷಾ ಬಂದದ್ದೇ ವೆಬ್ಲಿ ಮಾರ್ಕ್ ಫೋರಿನಿಂದ. ಆಮ್ಯಾಲ 2014ರಾಗ ಅದೇ ಕಾನ್ಪುರದವರು ಟೈಟಾನಿಯಂ ಮಿಶ್ರಲೋಹದಾಗ ನಿರ್ಭೀಕ್ ಅಂತ ಹಗುರಾದ್ದು ತಂದ್ರು, ಒಂದು ಲಕ್ಷದ ಮ್ಯಾಲ ರೇಟು, ಆಮ್ಯಾಲ ಬಂಗಾಳದ ಇಚ್ಛಾಪುರ ರೈಫಲ್ ಫ್ಯಾಕ್ಟರಿಯವರದ್ದು ನಿಡರ್ ಅಂತ .22ರದ್ದು ಬಂತು, ಅದರ ತೂಕ ಬರೀ 250 ಗ್ರಾಂ ಆಸುಪಾಸು. ಹೊಸಾವು ಛಲೋ ಅವ, ನನ್ನ ಮನಸು ಮಾತ್ರ ಹಳೇದರ ಮ್ಯಾಲೇ.

ಈಗ ಪಿನ್‌ಫೈರ್. ಅಂಗೈಯಾಗ ಮುಚ್ಚಿಟ್ಕೊಳ್ಳೋವಷ್ಟು ಸಣ್ಣದು, 7 ಎಂಎಂ, ಟ್ರಿಗರ್‌ಗೆ ಗಾರ್ಡ್ ಇಲ್ಲ, ಟ್ರಿಗರ್ ಮುಂದಕ್ಕ ಮಡಚಿ ಮೈಗೆ ಅಂಟಿ ಕೂಡ್ತದ. ಇವತ್ತಿನ ಬಹಳಷ್ಟು ಕಾಡತೂಸಿಗೆ ಬುಡದ ನಡುವ ಪೆಟ್ಟು ಬೀಳ್ತದ, ಇದರ ಕಾಡತೂಸಿನ ಬಾಜೂಕ ಒಂದು ಸಣ್ಣ ಪಿನ್ನು ಹೊರಗ ಚಾಚಿರ್ತಿತ್ತು, ಸಿಲಿಂಡರಿನ ಅಂಚಿಗೆ ಒಂದೊಂದು ಕೋಣಿಗೂ ಒಂದೊಂದು ಸೀಳು, ಆ ಸೀಳಿನಾಗ ಪಿನ್ನು ಕೂಡ್ತದ, ಹ್ಯಾಮರ್ ಮ್ಯಾಲಿಂದ ಬಂದು ಪಿನ್ನಿನ ತಲಿ ಮ್ಯಾಲ ಬಡೀತದ. ಪ್ಯಾರಿಸಿನ ಲೆಫೋಷೊ ಅನ್ನೋ ಮನೆತನದ ಕೆಲಸ ಇದು, ಅಪ್ಪ ಕಾಡತೂಸು ಮಾಡಿದ, ಮಗ 1854ರಾಗ ರಿವಾಲ್ವರ್ ಪೇಟೆಂಟ್ ಮಾಡಿಸಿದ, ಆಮ್ಯಾಲ ಬೆಲ್ಜಿಯಂನ ಲಿಯೇಜ್ ಊರಿನ ಕಾರಖಾನಿಗಳು ಇದೇ ನಮೂನಿ ಬುಟ್ಟಿಗಟ್ಟಲೆ ಮಾಡಿ ಲೋಕಕ್ಕೆಲ್ಲ ಹಂಚಿದ್ರು.

ನನ್ನದೂ ಲಿಯೇಜಿಂದೇ. ಹೆಂಗ ಗೊತ್ತಂದ್ರ, ಸಿಲಿಂಡರ್ ಮ್ಯಾಲ ಮೊಟ್ಟಿ ಆಕಾರದೊಳಗ ಇ ಎಲ್ ಜಿ ಅನ್ನೋ ಮೂರು ಅಕ್ಷರ ಒತ್ಯಾರ, ಅದು ಲಿಯೇಜ್ ಪ್ರೂಫ್ ಹೌಸಿನ (ಬಂದೂಕು ಪರೀಕ್ಷಾ ಮಾಡೋ ಕಚೇರಿ) ಸೀಲು, ಕೆಳಗ ಸಣ್ಣ ನಕ್ಷತ್ರ. 1893ರಿಂದ ಅವರು ಆ ಮೊಟ್ಟಿ ಮ್ಯಾಲ ಕಿರೀಟ ಹಾಕಾಕ ಚಾಲೂ ಮಾಡಿದ್ರು. ನನ್ನದಕ್ಕ ಕಿರೀಟ ಇಲ್ಲ, ಅಂದ್ರ ಅದಕ್ಕೂ ಮೊದಲಿಂದು. ಜೋಳದ ಕಾಳಿಗಿಂತ ಸಣ್ಣ ಗುರುತು, ಭೂತಗನ್ನಡಿ ಹಿಡಿದ್ರಷ್ಟೇ ಕಾಣ್ತದ, ಆದ್ರ ಇಡೀ ಮಾಲಿನ ವಯಸ್ಸು ನಿಂತದ್ದು ಅದರ ಮ್ಯಾಲ.

ಇದಕ್ಕೇ ನನಗ ಪಾಲಿಶ್ ಕಂಡ್ರ ಸಂಕಟ ಆಗ್ತದ. ಹಳೇ ರಿವಾಲ್ವರ್ ಕೈಗೆ ಬಂದ ಕೂಡ್ಲೆ ಮಂದಿ ಮಾಡೋ ಮೊದಲನೇ ಕೆಲಸ ಬಫಿಂಗ್ ಚಕ್ರಕ್ಕ ಹಿಡಿಸಿ ನಿಕಲ್ ಹಾಕ್ಸೋದು, ಕನ್ನಡಿ ಆದಂಗ ಆಗ್ತದ ಖರೆ, ಆದ್ರ ಪ್ರೂಫ್ ಗುರುತು, ನಂಬರು, ಕಲಕತ್ತಾದ ಇಲ್ಲಾ ಮದ್ರಾಸಿನ ಯಾವ ಅಂಗಡ್ಯಾಗ ಮಾರಾಟ ಆಗಿತ್ತು ಅನ್ನೋ ಕೆತ್ತನಿ, ಎಲ್ಲಾ ಸವೆದು ಹೋಗ್ತದ. ಬ್ಯಾರಲ್ ಮ್ಯಾಲ ರೋಡಾ ಕಂಪನಿ ಕಲಕತ್ತಾ ಅಂತಿದ್ರ ಅದು ಬರೇ ಅಂಗಡಿ ಹೆಸರಲ್ಲ, 1914ರ ಆಗಸ್ಟ್‌ನಾಗ ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲು, 46,000 ಕಾಡತೂಸು ಎಗರಿಸಿದ್ದು ಅದೇ ಕಂಪನಿಯ ಮಾಲು. ಅಂಥ ಹೆಸರು ಉಜ್ಜಿ ಅಳಿಸ್ಬೇಕಾ? ನಂಬರ್ ಅಳಿಸಿದ್ರಂತೂ ಸೀದಾ ಗುನ್ಹೆ.

ನಮ್ಮ ಭಾಗಕ್ಕ ರಿವಾಲ್ವರಿನ ನಂಟು ಸಣ್ಣದೇನಲ್ಲ. ಯಾದಗಿರಿ ಜಿಲ್ಲಾದ ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಾಗ ಬ್ರಿಟಿಷರ ವಿರುದ್ಧ ಎದ್ದು ಸೆರೆ ಸಿಕ್ಕು, ಶಿಕ್ಷಾ ಅನುಭವಿಸಾಕ ಒಯ್ಯುವಾಗ ದಾರ್ಯಾಗ ತೀರ್ಕೊಂಡ, ಕಾವಲಿದ್ದ ಆಫೀಸರನ ರಿವಾಲ್ವರಿನ ಗುಂಡು ಬಿದ್ದು. ಆತನ್ನ ಸಣ್ಣವಿದ್ದಾಗಿಂದ ನೋಡಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥಾದಾಗ ಇದನ್ನ ಬರದಾನ. ಆ ಕಾಲದ ಆಫೀಸರುಗಳ ಸೊಂಟದಾಗ ಇರ್ತಿದ್ದದ್ದು ಕೋಲ್ಟ್, ಆಡಮ್ಸ್, ಟ್ರಾಂಟರ್, ಒಂದೊಂದು ಕೋಣಿಗೂ ಮದ್ದು ತುಂಬಿ ಗುಂಡು ಒತ್ತಿ ಹಿಂದ ಕ್ಯಾಪ್ ಹಚ್ಚೋ ಜಾತಿ. ಸುರಪುರಕ್ಕ ಹೋದಾಗ ಆ ಟೇಲರ್‌ನ ಬಂಗ್ಲೆ, ಟೇಲರ್ ಮಂಜಿಲ್ ಮುಂದ ನಿಂತು ನಾ ಯಾವಾಗ್ಲೂ ಆ ರಿವಾಲ್ವರ್ ಬಗ್ಗೇನೇ ಯೋಚನಿ ಮಾಡ್ತೀನಿ, ಅದು ಇವತ್ತು ಯಾರದರ ಮನ್ಯಾಗ ಇದ್ರ, ಅದರ ನಂಬರ್ ಉಜ್ಜಿ ನಿಕಲ್ ಹಾಕ್ಸಿದ್ರ, ಅದು ಯಾವುದು ಅಂತ ಯಾರಿಗೂ ತಿಳಿಯೋದೇ ಇಲ್ಲ.

ಹಂಗಂತ ಏನೂ ಬದಲು ಮಾಡಬಾರದು ಅಂತಲ್ಲ. ನನ್ನ ಲೆಕ್ಕ ಇಷ್ಟೇ, ಒಂದು ಸ್ಕ್ರೂ ಬಿಚ್ಚಿದ್ರ ಮೊದಲಿನಂಗ ಆಗೋವಂಥದ್ದು ಮಾಡ್ರಿ, ಆಗಲಾರದ್ದು ಮಾಡಬ್ಯಾಡ್ರಿ. ಬ್ಯಾರಲ್ ಕಡಿಯೋದಂತೂ ಆರ್ಮ್ಸ್ ಆಕ್ಟಿನ 6ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ದ ಯಾರೂ ಮಾಡೋ ಹಂಗಿಲ್ಲ, ಒಳಗಿನ ರಿಪೇರಿ ಇದ್ರ ಲೈಸೆನ್ಸ್ ಇದ್ದ ಗನ್‌ಸ್ಮಿತ್ ಹತ್ರಾನೇ ಹೋಗ್ಬೇಕು. ಉಳಿದದ್ದು ಹಿಡಿಕಿ. ನಾ ಮಾಡಿದ್ದು ಅದನ್ನೇ, ವೆಬ್ಲಿಗೆ ಬೀದರಿ ಕೆಲಸದ ಹಿಡಿಕಿ.

ಪೂರ್ತಿ ಹಿಡಿಕಿನೇ ಬೀದರಿ ಲೋಹದಾಗ ಮಾಡಿಸ್ಬೇಕು ಅಂತ ಆಸೆ ಇತ್ತು, ಬೀದರಿನ ಒಬ್ಬ ಉಸ್ತಾದರ ಮುಂದ ಹೇಳ್ದೆ, ಅವರು ತೂಕ ನೋಡ್ರಿ ಮೊದಲು ಅಂದ್ರು. ಖರೆ ಮಾತು. ಬೀದರಿ ಅಂದ್ರ ಸತುವಿನೊಳಗ ಸ್ವಲ್ಪ ತಾಮ್ರ, ಹದಿನಾರಕ್ಕ ಒಂದು ಪಾಲಿನ ಲೆಕ್ಕ, ಬೀಟಿ ಕಟ್ಟಿಗಿಗಿಂತ ಎಂಟು ಪಟ್ಟು ಭಾರ, ಅಷ್ಟು ಭಾರ ಹಿಡಿಕ್ಯಾಗ ಬಂದ್ರ ವೆಬ್ಲಿಯ ತೂಕದ ಹದಾನೇ ಕೆಡ್ತದ. ಇನ್ನೊಂದು ಕಾರಣಾನೂ ಅದ, ಬೀದರಿಗೆ ಕಪ್ಪು ಬಣ್ಣ ಬರೋದು ಕೋಟೆ ಮಣ್ಣಿನಾಗ ನವಸಾಗರ ಕಲಸಿ ಹಚ್ಚೋದರಿಂದ, ನವಸಾಗರ ಉಕ್ಕಿನ ವೈರಿ, ಅದರ ಒಂದಿಷ್ಟು ಉಪ್ಪು ಸಂದಿನಾಗ ಉಳಿದ್ರೂ ಫ್ರೇಮಿಗೆ ಜಂಗು ಹಿಡೀತದ. ಅದಕ್ಕ ಹಿಡಿಕಿ ಬೀಟಿ ಕಟ್ಟಿಗಿಂದು, ಮನ್ಯಾಗಿದ್ದ ಹಳೇ ಪಲ್ಲಂಗದ ಮುರದ ಕಾಲಿಂದ ಕಡಿಸಿದ್ದು, ಅದರ ನಡುವ ರೂಪಾಯಿ ನಾಣ್ಯದಷ್ಟು ಬೀದರಿ ಬಿಲ್ಲೆ, ಬಿಲ್ಲೆಗೂ ಉಕ್ಕಿಗೂ ನಡುವ ಕಟ್ಟಿಗಿ ಗೋಡೆ ಉಳಿಯೋಹಂಗ.

ರಿವಾಲ್ವರ್ ಮಾತ್ರ ಬೀದರ್ ಊರಿಗೆ ಹೋಗ್ಲಿಲ್ಲ, ಇದನ್ನ ಗಟ್ಟಿಯಾಗಿ ಹೇಳ್ತೀನಿ. ಲೈಸೆನ್ಸ್ ಇಲ್ಲದವರ ಕೈಗೆ ಆಯುಧ ಕೊಟ್ಟು ಬರೋದು ಅನ್ನೋದೇ ಇಲ್ಲ. ಹಳೇ ಹಿಡಿಕಿ ಬಿಚ್ಚಿ ಅದನ್ನಷ್ಟೇ ಒಯ್ದೆ, ಬಡಿಗ್ಯಾರು ಅದರ ಮ್ಯಾಲೇ ಅಳತಿ ತಗೊಂಡ್ರು, ಕಡೀಗೆ ಕೂಡಿಸೋ ಕೆಲಸ ಮನ್ಯಾಗ ನಾನೇ ಮಾಡ್ದೆ, ಒಳಮೈಗೆ ದೀಪದ ಮಸಿ ಹಚ್ಚಿ ಫ್ರೇಮಿಗೆ ಒತ್ತಿ ನೋಡೋದು, ಮಸಿ ಎಲ್ಲಿ ಅಳಸ್ತದೋ ಅಲ್ಲಿ ಕಟ್ಟಿಗಿ ಉಬ್ಬದ ಅಂತ, ಅಷ್ಟೇ ಜಾಗ ಸಣ್ಣ ಉಳಿಯಿಂದ ಕೆರೆಯೋದು, ಮತ್ತ ಮಸಿ ಮತ್ತ ಒತ್ತೋದು. ಅವಸರ ಮಾಡಿ ಸ್ಕ್ರೂ ಬಿಗಿದ್ರ ಬೀಟಿ ಎಳಿ ಹಿಡದು ಸೀಳ್ತದ, ನಮ್ಮ ಏಪ್ರಿಲ್ ಮೇ ಬಿಸಿಲಿಗೆ ಅದು ಇನ್ನಷ್ಟು ಬಿಗೀತದ, ಅದಕ್ಕ ಉಗುರಿನ ಅಂಚಿನಷ್ಟು ಸಡಿಲ ಬಿಟ್ಟೀನಿ.

ಉಸ್ತಾದರು ಬಿಲ್ಲೆ ಮಾಡೋದು ನೋಡಾಕ ಕುಂತಿದ್ದೆ. ಎರಕ ಹೊಯ್ದ ಬಿಲ್ಲೆ ಬೆಳ್ಳಗ ಇರ್ತದ, ಅದಕ್ಕ ಮೈಲುತುತ್ತಿನ ನೀರು ಹಚ್ಚಿದ್ರ ತಾತ್ಪೂರ್ತಿ ಕಪ್ಪಾಗ್ತದ, ಆ ಕಪ್ಪಿನ ಮ್ಯಾಲ ಮೊನೆಯಿಂದ ಬಳ್ಳಿ ಗೀಚಿದ್ರು, ಅಚ್ಚು ಇಲ್ಲ ಕಾಗದ ಇಲ್ಲ, ಕೈಯಿಂದಾನೇ. ಆ ಗೆರಿ ಹಿಡದು ಉಳಿಯಿಂದ ಕಾಲುವಿ ತೆಗದು, ಬೆಳ್ಳಿ ತಂತಿ ಒಂದು ತುದಿ ಕಾಲುವ್ಯಾಗ ಇಟ್ಟು ಸುತ್ತಿಗಿಯಿಂದ ಸಣ್ಣಗ ಬಡೀತಾ ಮುಂದ ಸಾಗಿದ್ರು, ಇದಕ್ಕ ತಾರ್‌ಕಶಿ ಅಂತಾರ. ಆಮ್ಯಾಲ ಉಜ್ಜಿ, ಕಾಸಿ, ಕೋಟೆ ಮಣ್ಣಿನ ಹಿಟ್ಟು ಹಚ್ಚಿದ್ರು. ಬಿಸಿಲು ಮಳಿ ತಾಗಲಾರದ ಜಾಗದ ಮಣ್ಣೇ ಬೇಕಂತ, ನಾಲಿಗಿ ಮ್ಯಾಲ ಒಂಚೂರು ಇಟ್ಟು ರುಚಿ ನೋಡಿ ಆರಿಸ್ತಾರ. ಸತು ಕಾಡಿಗಿಯಂಗ ಕಪ್ಪಾಗಿ, ಬೆಳ್ಳಿ ಮಾತ್ರ ಹಂಗೇ ಉಳೀತು. 2006ರಾಗ ಬೀದರಿಗೆ ಜಿಐ ಟ್ಯಾಗ್ ಸಿಕ್ಕದ, ಆದ್ರ ಹೂದಾನಿ, ಹುಕ್ಕಾ, ಕೀಚೈನ್ ಬಿಟ್ಟು ಹಿಂಗ ಕೆಲಸ ಕೊಡೋರು ಕಮ್ಮಿ ಅಂತ ಅವರು ಹೇಳಿದ್ರು, ಕೊಡ್ರಿ ಅಂತ ನಾ ಎಲ್ಲಾರಿಗೂ ಹೇಳ್ತೀನಿ.

ವೆಬ್ಲಿಯ ಮೂಲ ಕಪ್ಪು ಹಿಡಿಕಿ, ಅದರ ಸ್ಕ್ರೂ ಸಹಿತ, ಚೀಟಿ ಬರದು ಎತ್ತಿಟ್ಟೀನಿ.

ಇನ್ನು ಕಣ್ಣಿಟ್ಟ ಮಾಲು ಕೇಳಿದ್ರ ಮುಗಿಯಂಗಿಲ್ಲ. ವೆಲೋ ಡಾಗ್ ಅಂತ ಫ್ರೆಂಚ್ ಪುಟ್ಟ ರಿವಾಲ್ವರ್, 5.75 ಎಂಎಂ, 1890ರ ದಶಕದಾಗ ಸೈಕಲ್ ಸವಾರರು ಬೆನ್ನಟ್ಟೋ ನಾಯಿಗಳ ಕಾಟಕ್ಕ ಕಿಸೆದಾಗ ಇಟ್ಕೊಂತಿದ್ರು. ಸ್ಮಿತ್ ಅಂಡ್ ವೆಸನ್ ಲೇಡಿಸ್ಮಿತ್, .22, ಏಳು ಗುಂಡು, 1902ರಿಂದ 1921ರ ತನಕ ಮಾಡಿದ್ರು. ರಷ್ಯಾದವರ 1895ರ ನಾಗಾಂತ್ ಅಂತೂ ಬುದ್ಧಿವಂತಿಕಿಯ ಕೆಲಸ, ಹ್ಯಾಮರ್ ಎಳದ್ರ ಸಿಲಿಂಡರ್ ಬರೇ ತಿರುಗಂಗಿಲ್ಲ, ಮುಂದಕ್ಕ ಸರದು ಬ್ಯಾರಲ್ಲಿಗೆ ಒತ್ತಿ ಸಂದು ಮುಚ್ತದ, ಬ್ಯಾರೆ ರಿವಾಲ್ವರಿನಾಗ ಆ ಸಂದಿಂದ ಹೊರಗ ಹಾರೋ ಗ್ಯಾಸು ಇದರಾಗ ಗುಂಡಿನ ಹಿಂದೇ ಹೋಗ್ತದ.

ಇಟ್ಕೊಂಡವರಿಗೆ ಒಂದೆರಡು ಮಾತು. ತೊಗಲಿನ ಹೋಲ್‌ಸ್ಟರ್ ಒಳಗ ಹಾಕಿ ಬೀರುದಾಗ ಇಡಬ್ಯಾಡ್ರಿ, ಮಳಿಗಾಲದಾಗ ತೊಗಲು ಪಸಿ ಹಿಡ್ಕೊಂಡು ಒಳಗಿಂದ ಜಂಗು ತಿಂತದ. .22 ಖಾಲಿ ಹಾರಿಸಿ ಆಟ ಆಡಬ್ಯಾಡ್ರಿ, ಅದರ ಪಿನ್ನು ಕೋಣಿಯ ಅಂಚಿಗೇ ಬಡದು ತಗ್ಗು ಬೀಳ್ತದ. ಪಿಸ್ತೂಲಿನ .32 ಎಸಿಪಿ ಕಾಡತೂಸಿನ ಒತ್ತಡ ರಿವಾಲ್ವರಿನ .32 ಲಾಂಗ್‌ಗಿಂತ ಹೆಚ್ಚು, ಎರಡಕ್ಕೂ .32 ಅಂತಾರಲ್ಲ ಅಂತ ಅದಲಿ ಬದಲಿ ಮಾಡಬ್ಯಾಡ್ರಿ. ಕರಿ ಮದ್ದಿನ ಕಾಲದ ಮಾಲಂತೂ ಹಾರಿಸೋ ಮಾತೇ ಬ್ಯಾಡ.

ಚುನಾವಣಾ ಬಂದ್ರ ಠಾಣಾದಾಗ ಆಯುಧ ಜಮಾ ಮಾಡ್ಬೇಕಾಗ್ತದ. ಕೊಡೋ ಮೊದಲು ತೆಳ್ಳಗ ಎಣ್ಣಿ ಒರೆಸಿ, ನಾಕೂ ಕಡಿಯಿಂದ ಫೋಟೋ ತೆಗೆದು, ರಸೀದಿ ಮ್ಯಾಲ ನಂಬರ್ ಸರಿ ಅದನೋ ನೋಡ್ಕೊಂಡೇ ಸಹಿ ಹಾಕ್ರಿ. ಮನ್ಯಾಗ ಹಿರಿಯರು ಲೈಸೆನ್ಸ್ ಇಟ್ಕೊಂಡು ತೀರ್ಕೊಂಡಿದ್ರ ಆಯುಧ ಬೀರುದಾಗೇ ಬಿಡಬ್ಯಾಡ್ರಿ, ಠಾಣಾಕ್ಕ ಇಲ್ಲಾ ಲೈಸೆನ್ಸ್ ಇದ್ದ ಡೀಲರ್ ಹತ್ರ ಜಮಾ ಮಾಡಿ ವಾರಸಾ ಅರ್ಜಿ ಹಾಕ್ರಿ. ಅವರ ಟ್ರಂಕಿನಾಗ ಹಳೇ ಅಂಗಡಿ ಬಿಲ್ಲು, ನಿಜಾಮರ ಕಾಲದ ಉರ್ದು ಪರವಾನಗಿ ಏನಾದ್ರೂ ಸಿಕ್ರ ರದ್ದಿಗೆ ಹಾಕಬ್ಯಾಡ್ರಿ, ಆಯುಧದ ಜೋಡಿ ಅದೂ ಇರ್ಬೇಕು, ಉರ್ದು ಓದಾಕ ಬರಲಿಲ್ಲಂದ್ರ ನಮ್ಮ ಓಣ್ಯಾಗ ಓದಿ ಹೇಳೋ ಹಿರಿಯರು ಇನ್ನೂ ಅದಾರ.